ಅಡ್ಡಿಯಿಲ್ಲ ಎಂದ ಅಜ್ಜನಿಗೆ

ಹುಬ್ಬಳ್ಳಿ
ಒಣಶ್ರಾವಣ ೩೮, ೨೨೧೧

ತೀರ್ಥರೂಪ ಫಕೀರಪ್ಪ ಹೂಗಾರ ಅಜ್ಜನವರಿಗೆ, ನಿಮ್ಮಿಂದ ಏಳನೆಯ ತಲೆಯವಳಾದ ಕಾಶವ್ವನ ನಮಸ್ಕಾರಗಳು.

ತಾರೀಖು ನೋಡಿ ಕನ್ನಡಕ ಒರೆಸಿಕೊಳ್ಳಬೇಡಿ, ಅದು ಸರಿಯಾಗಿಯೇ ಇದೆ. ನಿಮ್ಮ ಪಂಚಾಂಗಕ್ಕೆ ಮಳೆ ಬಗ್ಗದೆ ಹೋದಾಗ ನಮ್ಮ ಹಿರಿಯರು ಪಂಚಾಂಗವನ್ನೇ ಮಳೆಗೆ ತಕ್ಕಂತೆ ಕತ್ತರಿಸಿ ಹೊಲಿದರು. ಈಗ ನಮಗೆ ಶ್ರಾವಣಗಳು ಎರಡು. ಮೊದಲನೆಯದು ಒಣಶ್ರಾವಣ, ನಲವತ್ತು ದಿನ. ಆಮೇಲೆ ಹಸಿಶ್ರಾವಣ, ಬಂದರೆ ಹತ್ತು ದಿನ. ಇಂಥ ಅಪರಿಚಿತ ಮಾತುಗಳು ಮುಂದೆಯೂ ಬರುತ್ತವೆ, ಕ್ಷಮಿಸಿ. ಪತ್ರದ ಮೊದಲಿಗೆ ಉಭಯ ಕುಶಲೋಪರಿ ಎಂದು ಬರೆಯುವುದು ನಿಮ್ಮ ಕಾಲದವರ ರೂಢಿಯಾಗಿತ್ತು ಎಂದು ಓದಿದ್ದೇನೆ. ನನಗೆ ಕೈ ಬರಲಿಲ್ಲ. ನೀವು ತೀರಿಹೋಗಿ ನೂರೆಪ್ಪತ್ತೈದು ವರ್ಷಗಳಾದವು. ಹಾಗಿದ್ದೂ ಇವತ್ತು ಬೆಳಿಗ್ಗೆ ನೀವು ನಮ್ಮ ಅಡುಗೆಮನೆಯಲ್ಲಿ ಕೆಮ್ಮಿದಿರಿ.

ಈ ಪತ್ರ ಹಿನ್ನೀರಂಚೆಯಲ್ಲಿ ಬರುತ್ತಿದೆ. ಹೊಳೆಗೆ ಒಡ್ಡು ಕಟ್ಟಿದರೆ ನೀರು ತಾನು ಹರಿದು ಬಂದ ದಾರಿಯನ್ನೇ ಹಿಂದಕ್ಕೆ ಏರುತ್ತದಲ್ಲ, ಹಾಗೆ ಮಾತನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಏರಿಸುವ ಅಂಚೆ ಇದು. ಒಬ್ಬರು ಬದುಕಿನಲ್ಲಿ ಒಂದೇ ಸಲ, ಅದೂ ಸ್ವಂತ ರಕ್ತದವರಿಗೆ ಮಾತ್ರ ಬರೆಯಬಹುದು. ಇದುವರೆಗೆ ಯಾರಿಗೂ ಉತ್ತರ ಬಂದಿಲ್ಲ, ಪತ್ರ ಮುಟ್ಟುತ್ತದೆಯೋ ಇಲ್ಲವೋ ಎಂದು ಹೇಳಬಲ್ಲವರೂ ಇಲ್ಲ. ಬೇರೆಯವರು ಕ್ಷಮೆ ಕೇಳಲು, ಬರಲಿರುವ ಕಾಯಿಲೆಯ ಸುಳಿವು ಕೊಡಲು ಬರೆಯುತ್ತಾರೆ. ಎಪ್ಪತ್ತಾರು ವರ್ಷ ಜೋಪಾನ ಮಾಡಿದ ನನ್ನ ಒಂದೇ ಪತ್ರವನ್ನು ನಾನು ನಿಮ್ಮ ಒಂದೇ ಮಾತಿನ ಮೇಲೆ ಖರ್ಚು ಮಾಡುತ್ತಿದ್ದೇನೆ. ಸಿಟ್ಟಿನಿಂದ ಬರೆಯುತ್ತಿದ್ದೇನೆ ಎಂಬುದನ್ನೂ ಮುಚ್ಚಿಡುವುದಿಲ್ಲ.

ನೀವು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ಮೇಲೆ, ಗೆಳೆಯರ ಜೊತೆ 'ಕಟ್ಟಿ ಮ್ಯಾಲಿನ ಮಂದಿ' ಎಂಬ ವಾಟ್ಸಾಪ್ ಗುಂಪು ಕಟ್ಟಿಕೊಂಡಿರಿ. ಹಾಡು, ಪುಸ್ತಕ, ಸಿನಿಮಾ, ಗಿರಮಿಟ್ಟು, ಚಹಾ, ಮದುವೆಯ ಊಟ, ಯಾವುದನ್ನೂ ಬಿಡದೆ ಅದರಲ್ಲಿ ದಿನವೂ ನಿಮ್ಮ ಧ್ವನಿಯಲ್ಲಿ ಅಭಿಪ್ರಾಯ ಹೇಳಿದಿರಿ. ಹೊತ್ತು ಕಳೆಯಲು ಆಡಿದ ಮಾತು ಎಂದು ನೀವು ತಿಳಿದಿದ್ದಿರಿ. ಅವೆಲ್ಲವೂ ಉಳಿದಿವೆ. ನಮ್ಮಲ್ಲಿ ಪ್ರತಿ ಮನೆಗೂ ಒಂದು ಹಿರಿಯರ ಗೋಡೆ ಇರುತ್ತದೆ. ಮನೆಯಲ್ಲಿ ಯಾವುದೋ ಹಾಡು ಕೇಳಿಸಿತು ಅನ್ನಿ, ಆ ಹಾಡಿನ ಬಗ್ಗೆ ಮನೆತನದ ಯಾರು ಯಾವಾಗ ಏನು ಅಂದಿದ್ದರೋ ಅದನ್ನು ಗೋಡೆ ಹುಡುಕಿ, ಅವರದೇ ಧ್ವನಿಯಲ್ಲಿ ಅನ್ನುತ್ತದೆ. ಅದು ಆತ್ಮವಲ್ಲ, ಇಟ್ಟ ಮಾತು ಅಷ್ಟೇ ಎಂದು ಶಾಲೆಯಲ್ಲಿ ಕಲಿಸುತ್ತಾರೆ. ನಾನೂ ಮಕ್ಕಳಿಗೆ ಹಾಗೆಯೇ ಕಲಿಸಿದೆ. ಆದರೆ ಆ ಗೋಡೆಗೆ ಬೆನ್ನು ಮಾಡಿ ಕುಳಿತು ನಾನು ಒಂದು ದಿನವೂ ಉಂಡಿಲ್ಲ.

ನಿಮ್ಮ ಧ್ವನಿಯಲ್ಲಿ ನಮ್ಮ ಮನೆ ಕೇಳಿದ್ದೆಲ್ಲ ಬೈಗುಳವೇ. ನಿಮ್ಮ ಕಾಲದ ಮದುವೆ ಮೆರವಣಿಗೆಗಳಲ್ಲಿ ಕುಣಿಯುತ್ತಿದ್ದ ಒಂದು ಹಾಡಿನ ಮೇಲೆ ನೀವು ಮೂರು ದಿನ ಕೂಗಾಡಿದ್ದೀರಿ. "ಏನ್ರೀ ಇದು ಹಾಡಾ? ತಗಡಿನ ಡಬ್ಬಿ ಮಾಳಗಿ ಮ್ಯಾಲಿಂದ ಉಳ್ಳಿಸಿದಂಗ ಐತಿ!" ಅದಕ್ಕೆ ನಿಮ್ಮ ಗೆಳೆಯ ಇಸ್ಮಾಯಿಲ್ ಮಾಸ್ತರರು, "ಫಕೀರಪ್ಪಣ್ಣಾ, ಬ್ಯಾಡಾದ್ರ ಬಿಡೋ ಮಾರಾಯಾ. ಮೂರ ದಿನದಿಂದ ಅದನ್ನ ನಮಗಿಂತ ಜಾಸ್ತಿ ನೀನ ಕೇಳಾಕತ್ತಿ," ಎಂದು ನಕ್ಕಿದ್ದಾರೆ. ಆರುನೂರು ಪುಟದ ಒಂದು ಕಾದಂಬರಿಯ ಮೇಲೂ ಹಾಗೆಯೇ. "ಒಂದ ಮಳಿ ಬರಾಕ ಎಂಬತ್ತ ಪುಟಾನ? ಅಷ್ಟೊತ್ತಿಗೆ ನಮ್ಮ ಕಡೆ ಕೆರಿ ತುಂಬಿ ಕೋಡಿ ಬಿದ್ದಿರತೈತಿ." ಗಿರಮಿಟ್ಟಿನ ಮೇಲೆ ಟೊಮ್ಯಾಟೊ ಸಾಸು ಸುರಿದುಕೊಟ್ಟ ಅಂಗಡಿಯವನ ಮೇಲೆ ನೀವು ಆಡಿದ್ದನ್ನು ನಾನು ಇಲ್ಲಿ ಬರೆಯಲಾರೆ.

ಒಂದು ವಸ್ತು ನಿಮಗೆ ನಿಜವಾಗಿ ಹಿಡಿಸಿದಾಗ ಮಾತ್ರ ನಿಮ್ಮ ಬಾಯಿಂದ ಒಂದೇ ಮಾತು ಬರುತ್ತಿತ್ತು: "ಅಡ್ಡಿಯಿಲ್ಲ." ಇದೇಕೆ ಹೀಗೆ ಎಂದು ನಾನು ಬಹಳ ಯೋಚಿಸಿದ್ದೇನೆ. ನಿಮ್ಮ ಕಸುಬಿನಲ್ಲಿ ಸರಿಯಾಗಿ ಕೂತ ಭಾಗದ ಬಗ್ಗೆ ಹೇಳುವುದೇನೂ ಇರಲಿಲ್ಲ. ಗಾಲಿಯನ್ನು ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು, ಅಡ್ಡಿಯಿಲ್ಲ ಎಂದು ಮುಂದಿನ ಗಾಲಿಗೆ ಹೋಗುತ್ತಿದ್ದಿರಿ. ಬಿರುಕಿದ್ದರೆ ತಾನೇ ಮಾತು? ಮನೆಗೂ ನೀವು ಆ ಸುತ್ತಿಗೆಯನ್ನೇ ತಂದಿರಿ. ನಿಮ್ಮ ಊರಿನ ಕಿವಿಗೆ ಆ ಮಾತಿನ ತೂಕ ಗೊತ್ತಿತ್ತು. ಎಂಬತ್ತು ಪುಟದ ಮಳೆಗಿಂತ ದೊಡ್ಡ ಮಳೆ ಅದರಲ್ಲಿದೆ ಎಂದು ತಿಳಿಯುತ್ತಿತ್ತು. ನಮ್ಮ ಕಾಲಕ್ಕೆ ಅದು ತಿಳಿಯುವುದಿಲ್ಲ.

ಈಗಿನವರು ಆಡುವುದು ನೇರಗನ್ನಡ. ಯಂತ್ರಗಳಿಗೂ ನಮಗೂ ನಡುವೆ ತಪ್ಪುತಿಳಿವಳಿಕೆ ಬರಬಾರದೆಂದು ಒಂದು ಮಾತಿಗೆ ಒಂದೇ ಅರ್ಥ ಇಟ್ಟು ಮಾಡಿದ ಭಾಷೆ. ಅದರಲ್ಲಿ ಅಡ್ಡಿ ಎಂದರೆ ಆಕ್ಷೇಪ. ಅಡ್ಡಿಯಿಲ್ಲ ಎಂದರೆ ಆಕ್ಷೇಪವಿಲ್ಲ. ಮುಗಿಯಿತು. ಹಳೆಯ ಅರ್ಥ ಉಳಿದದ್ದು ನಮ್ಮ ಮನೆಯ ಹೆಂಗಸರ ಬಾಯಲ್ಲಿ ಮಾತ್ರ. ನಾನು ಮೊದಲ ಸಲ ಶಾಲೆಯಲ್ಲಿ ಪದ್ಯ ಓದಿ ಬಂದಾಗ ನನ್ನ ಅವ್ವ ತಲೆ ಸವರಿ ಹಾಗೆಂದಿದ್ದಳು. ಅದನ್ನು ಕೇಳಿ ನಾನು ಓಣಿ ತುಂಬ ಓಡಾಡಿದ್ದೆ.

ಇನ್ನು ಈ ಪತ್ರಕ್ಕೆ ಕಾರಣವಾದ ಹಾಡಿನ ವಿಷಯಕ್ಕೆ ಬರುತ್ತೇನೆ. ಆಡಿದ್ದು, ಹಾಡಿದ್ದು, ಬರೆದದ್ದು ಎಲ್ಲವೂ ಇರುವ ನೆನಪಿನ ಕಣಜವನ್ನು ತಣ್ಣಗಿಡಲು ನೀರು ಬೇಕು. ಉಣಕಲ್ ಕೆರೆಯಲ್ಲಿ ಉಳಿದಿರುವ ನೀರು ಕಣಜಕ್ಕೋ ಜನಕ್ಕೋ ಎಂಬ ಪ್ರಶ್ನೆ ಬಂದಾಗ ಜನಕ್ಕೆ ಎಂದು ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ಹಾಗಾಗಿ ಹತ್ತು ವರ್ಷಕ್ಕೊಮ್ಮೆ ಕಣಜವನ್ನು ಹಗುರ ಮಾಡುತ್ತಾರೆ. ಪ್ರತಿಯೊಂದು ವಸ್ತುವಿಗೂ ಎರಡು ಸಾಕ್ಷಿ ನೋಡುತ್ತಾರೆ, ಅದರ ಕಾಲದವರದ್ದು ಒಂದು, ಈಗಿನವರದ್ದು ಒಂದು. ಯಾವುದರ ಬಗ್ಗೆ ಬಹಳ ಮಾತಿದೆಯೋ ಅದು ಕೇಳದೆಯೇ ಉಳಿಯುತ್ತದೆ. ಇದರ ಫಲ ಏನಾಯಿತು ಕೇಳಿ. ನೀವು ಮೂರು ದಿನ ಬೈದ ಆ ತಗಡಿನ ಡಬ್ಬಿ ಭದ್ರವಾಗಿದೆ. ಈಗಲೂ ನಮ್ಮ ನಲ್ಲಿಕಟ್ಟೆಗಳಲ್ಲಿ ನೀರು ಬಿಡುವ ಹೊತ್ತಿಗೆ ಅದನ್ನೇ ಹಾಕುತ್ತಾರೆ. ಆರುನೂರು ಪುಟದ ಕಾದಂಬರಿ ಮಕ್ಕಳಿಗೆ ಪಠ್ಯ. ನೀವು "ಅಡ್ಡಿಯಿಲ್ಲ, ಓದ್ರಿ" ಎಂದ ತೆಳ್ಳನೆಯ ಕವನ ಸಂಕಲನ ಯಾವುದು, ಯಾರದು ಎಂದು ಈಗ ಹೇಳುವವರಿಲ್ಲ. ಗಿರಮಿಟ್ಟಿನ ಮೇಲೆ ಸಾಸು ಹಾಕುತ್ತಿದ್ದರೆಂದು ಎಲ್ಲರಿಗೂ ಗೊತ್ತು, ಹಾಕದ ಗಿರಮಿಟ್ಟು ಹೇಗಿತ್ತೆಂದು ಯಾರಿಗೂ ಗೊತ್ತಿಲ್ಲ. ನಿಮ್ಮ ಕಾಲದವರು ಬಾಯಿ ತುಂಬ ಬೈದು, ತುಟಿಯಂಚಿನಲ್ಲಿ ಹೊಗಳಿ ಹೋದಿರಿ. ಈಗ ನಾವು ನೀವು ದ್ವೇಷಿಸಿದ ವಸ್ತುಗಳ ನಡುವೆ ಬದುಕುತ್ತಿದ್ದೇವೆ.

ಈ ಸಲ ಅಳಿಸಬೇಕಾದವುಗಳ ಪಟ್ಟಿಯಲ್ಲಿ ನಿಮ್ಮ ಹೆಂಡತಿ ನೀಲವ್ವಜ್ಜಿಯ ಹಾಡು ಬಂತು.

ನಿಮಗೆ ನೆನಪಿರಬಹುದು, ಇಲ್ಲದೆಯೂ ಇರಬಹುದು. ೨೦೨೪ರ ಒಂದು ಬೆಳಿಗ್ಗೆ, ಅಜ್ಜಿ ರೊಟ್ಟಿ ಬಡಿಯುತ್ತ ಹಾಡಿಕೊಳ್ಳುತ್ತಿದ್ದಾಗ ನೀವು ಫೋನು ಹಿಡಿದು ಮುದ್ರಿಸಿ ಗುಂಪಿಗೆ ಕಳಿಸಿದಿರಿ. ನಾಲ್ಕು ನಿಮಿಷ ಹನ್ನೊಂದು ಸೆಕೆಂಡು. ತಬಲಾ ಇಲ್ಲ, ಪೇಟಿ ಇಲ್ಲ. ಅಂಗೈ ಹಿಟ್ಟಿನ ಮೇಲೆ ಬೀಳುವ ಸಪ್ಪಳವೇ ತಾಳ. ರೊಟ್ಟಿಯನ್ನು ಹಂಚಿಗೆ ಹಾಕುವಾಗ ತಾಳ ನಿಲ್ಲುತ್ತದೆ, ಧ್ವನಿ ಮಾತ್ರ ಆಸರೆಯಿಲ್ಲದೆ ಗಾಳಿಯಲ್ಲಿ ನಿಂತಿರುತ್ತದೆ, ಮುಂದಿನ ಉಂಡೆಗೆ ಕೈ ಬಿದ್ದಾಗ ಮತ್ತೆ ನೆಲಕ್ಕಿಳಿಯುತ್ತದೆ.

ಬಾಗಿಲಿಗಿ ಬಂದ ಗಾಳಿ ಒಳಗ್ಯಾಕ ಬರಲಿಲ್ಲ
ಕರಿಯಲಿಲ್ಲಂತ ಮುನಿದೇನ

ಪದ ನನಗೆ ಬಾಯಿಪಾಠ. ಆದರೆ ನಮ್ಮಲ್ಲಿ ರೊಟ್ಟಿ ಅಚ್ಚಿನಿಂದ ಬೀಳುತ್ತದೆ, ಕೈಯಿಂದ ಬಡಿಯುವವರಿಲ್ಲ. ಆ ಸಪ್ಪಳ ಇಡೀ ಕಣಜದಲ್ಲಿ ಅಲ್ಲೊಂದೇ ಕಡೆ ಇದೆ, ನಾನು ಹುಡುಕಿಸಿದ್ದೇನೆ. ನನ್ನ ಅವ್ವ ಸಾಯುವ ದಿನ ಕೇಳಿದ್ದೂ ಅದನ್ನೇ.

ಹಾಡು ಮುಗಿದ ಮೇಲೆ ನೀವು ಅಡ್ಡಿಯಿಲ್ಲ ಎಂದಿರಿ. ಅದಕ್ಕೆ ಅಜ್ಜಿ, "ಇಷ್ಟನ? ಒಂದ ಮಾತ ಜಾಸ್ತಿ ಅಂದ್ರ ಹಲ್ಲ ಉದುರತಾವೇನ್ರಿ ನಿಮ್ಮವು?" ಎಂದು ಕೇಳಿದಳು. ಅಲ್ಲಿಗೆ ಮುದ್ರಣ ನಿಂತಿದೆ. ನೀವು ನಿಲ್ಲಿಸಿದಿರಿ. ಆ ದಿನ ಗುಂಪಿನವರೆಲ್ಲ ಕ್ರಿಕೆಟ್ಟಿನಲ್ಲಿ ಮುಳುಗಿದ್ದರು. ಇಸ್ಮಾಯಿಲ್ ಮಾಸ್ತರರು ಒಂದು ಹೆಬ್ಬೆರಳು ಕಳಿಸಿದರು. ಹೆಬ್ಬೆರಳು ನಮ್ಮಲ್ಲಿ ಮಾತಲ್ಲ, ಹಾಡಿದವಳ ಮಾತು ಸಾಕ್ಷಿಯಲ್ಲ. ಉಳಿದದ್ದು ನಿಮ್ಮದೊಂದೇ.

ಈಗಿನವರ ಸಾಕ್ಷಿಯಾಗಿ ನನ್ನನ್ನು ಉಳಿವು ಕಚೇರಿಗೆ ಕರೆದರು. ಮೇಜಿನ ಹಿಂದೆ ಇದ್ದ ಅಧಿಕಾರಿ ಸಭ್ಯ ಹೆಂಗಸು, ನನಗೆ ಕುಡಿಯಲು ತನ್ನ ಪಾಲಿನ ನೀರು ಕೊಟ್ಟಳು. ನಾನು ಅರ್ಧ ಗಂಟೆ ವಾದಿಸಿದೆ. ಹಳೆಯ ನಿಘಂಟುಗಳನ್ನು ಹೊತ್ತುಕೊಂಡು ಹೋಗಿದ್ದೆ. ಈ ಮಾತು ಆಕ್ಷೇಪವಿಲ್ಲ ಎಂಬ ಒಪ್ಪಿಗೆಯಲ್ಲ, ಇದು ಹುಬ್ಬಳ್ಳಿಯ ಗಂಡಸು ಪ್ರೀತಿಯನ್ನು ಒಪ್ಪಿಕೊಳ್ಳುವ ರೀತಿ ಎಂದೆ. ಅವಳು ತಲೆಯಾಡಿಸುತ್ತ ಕೇಳಿದಳು. ನಿಯಮದಂತೆ ಕೊನೆಗೆ ಹಾಡು ಹಾಕಿದರು. ನಾಲ್ಕು ನಿಮಿಷ ಹನ್ನೊಂದು ಸೆಕೆಂಡು ಆ ಕೋಣೆಯಲ್ಲಿ ರೊಟ್ಟಿ ಬಡಿದ ಸಪ್ಪಳ ತುಂಬಿತ್ತು. ನನಗೆ ಅವ್ವ ಕಂಡಳು. ಹೇಳಿಕೆ ಬರೆದುಕೊಳ್ಳುವ ಯಂತ್ರ ಏನೋ ಕೇಳಿತು, ನನ್ನ ಕಿವಿಗೆ ಬೀಳಲಿಲ್ಲ, ನನ್ನ ಕಿವಿ ಇನ್ನೂ ಹಾಡಿನಲ್ಲೇ ಇತ್ತು. ಕಣ್ಣೊರೆಸಿಕೊಂಡು ನಾನು ಅಂದೆ: "ಅಡ್ಡಿಯಿಲ್ಲ."

ಯಂತ್ರ ಕೇಳಿದ್ದು, ಇದನ್ನು ಅಳಿಸಲು ನಿಮ್ಮ ಅಡ್ಡಿಯಿದೆಯೇ ಎಂದು.

"ನನಗೆ ತಿಳೀತು ಅಜ್ಜಿ. ಅದಕ್ಕೆ ತಿಳಿಯುವುದಿಲ್ಲ," ಎಂದಳು ಅಧಿಕಾರಿ. ಅವಳ ಮುಖ ಬಿಳಿಚಿಕೊಂಡಿತ್ತು. ಆಡಿದ ಹೇಳಿಕೆಯನ್ನು ಬದಲಿಸಲು ನಿಯಮವಿಲ್ಲ. ಬಾಗಿಲವರೆಗೆ ಬಂದು ಮೆಲ್ಲಗೆ ಅಂದಳು, "ಅವರ ಕಾಲದವರು ಒಂದು ಮಾತು ಜಾಸ್ತಿ ಆಡಿದ್ದಿದ್ದರೆ ವಿಚಾರಣೆಯನ್ನು ಮತ್ತೆ ತೆರೆಯಬಹುದಿತ್ತು." ಅವಳಿಗೆ ಅಜ್ಜಿಯ ಪ್ರಶ್ನೆ ನೆನಪಿತ್ತೋ ಏನೋ, ಅದೇ ಮಾತುಗಳನ್ನು ಬಳಸಿದಳು.

ಏಳು ತಲೆ ದಾಟಿ ಬಂದ ನಿಮ್ಮ ಸುತ್ತಿಗೆ ನನ್ನ ನಾಲಿಗೆಯಲ್ಲೇ ಇತ್ತು, ಅಜ್ಜ. ನಿಮ್ಮನ್ನು ಬೈಯಲು ಕುಳಿತವಳು ನಾನು. ಈಗ ಯಾರನ್ನು ಬೈಯುತ್ತಿದ್ದೇನೆಂದು ನನಗೇ ಸ್ಪಷ್ಟವಿಲ್ಲ.

ಒಣಶ್ರಾವಣ ನಲವತ್ತಕ್ಕೆ ಅಳಿಸುತ್ತಾರೆ. ಇನ್ನೆರಡು ದಿನ. ಈ ಪತ್ರ ೨೦೨೪ರ ಆ ಬೆಳಗಿಗೆ ಮೊದಲು ನಿಮ್ಮ ಕೈ ಸೇರಿದರೆ, ನಾನು ಕೇಳುವುದು ಇಷ್ಟು. ಅಜ್ಜಿ ಹಾಗೆ ಕೇಳಿದಾಗ ಫೋನಿನಿಂದ ಬೆರಳು ತೆಗೆಯಬೇಡಿ. ಏನಾದರೂ ಅನ್ನಿ. ಭಾಷಣ ಬೇಡ, ಕವಿತೆ ಬೇಡ, ನಿಮಗೆ ಅವು ಬರುವುದೂ ಇಲ್ಲ. ಚಲೋ ಹಾಡತಿ ಅನ್ನಿ, ಇನ್ನೊಮ್ಮೆ ಹಾಡು ಅನ್ನಿ. ತಗಡಿನ ಡಬ್ಬಿಗೆ ಕೊಟ್ಟ ಮೂರು ದಿನದಲ್ಲಿ ಒಂದು ಉಸಿರನ್ನು ಅವಳಿಗೆ ಕೊಡಿ.

ಬರೆಯಲು ಕೂರುವ ಮೊದಲು ಮುದ್ರಣವನ್ನು ಅಳೆದು ನೋಡಿದೆ: ನಾಲ್ಕು ನಿಮಿಷ ಹನ್ನೊಂದು ಸೆಕೆಂಡು. ಪತ್ರವನ್ನು ಅಂಚೆಗೆ ಹಾಕಿ ಬಂದು ಮತ್ತೆ ಅಳೆಯುತ್ತೇನೆ. ಹನ್ನೆರಡು ಇದ್ದರೆ ಸಾಕು. ಅವಳು ಕೇಳಿ ನೂರೆಂಬತ್ತೇಳು ವರ್ಷಗಳಾದವು, ಕೈ ಹಿಟ್ಟಿನ ಮೇಲೆಯೇ ನಿಂತಿದೆ, ಮುಖ ನಿಮ್ಮ ಕಡೆಗೆ ತಿರುಗಿದೆ. ಬೇಗ ಹೇಳಿ, ಅಜ್ಜ. ಹಂಚಿನ ಮೇಲೆ ರೊಟ್ಟಿ ಹೊತ್ತುತ್ತಿದೆ.

ನಿಮ್ಮ ಕುಡಿ,
ಕಾಶವ್ವ