ಬಾಗಿಲು ತೆಗೆದು ಹುರಿದ ಈಸಲು

ಅವ್ವಾ,

ನೀನು ಓದಲ್ಲ ಅಂತ ಗೊತ್ತಿದ್ದೂ ಬರೀತಿದೀನಿ. ನೀನು ತೀರಿಹೋದ ಮೇಲೆ ಮುಗಿಸಿದ ಓದಿಗೆ ಇವತ್ತು ಪಿಎಚ್.ಡಿ. ಸಿಕ್ತು. ನಮ್ಮ ಐ.ಡಿ.ಹಳ್ಳಿ ಹೊಲದ ಗೆದ್ದಲು ಹುಳಗಳ ಮೇಲೆ.

ಮಳೆ ಬಿದ್ದಾಗ ಹುತ್ತದಿಂದ ರೆಕ್ಕೆ ಬಿಚ್ಕೊಂಡು ಏಳೋ ಈಸಲನ್ನ ಹಿಡಿದು ತಂದು ಹುರಿಯುವಾಗ ನೀನು ಬಾಗಿಲು ಹಾಕ್ತಿದ್ದೆ. "ವಾಸ್ನೆ ಬೀದಿಗೋದ್ರೆ ಹುಳ ತಿನ್ನೋರು ಅಂತ ಆಡ್ಕೊಂತಾರೆ ಕಣಮ್ಮ" ಅಂತಿದ್ದೆ. ನಾನು ಸ್ಕೂಲಿಂದ ಬರೋವರೆಗೂ ನನ್ನ ಪಾಲು ನಿನ್ನ ಸೆರಗಿನ ಗಂಟಲ್ಲಿರ್ತಿತ್ತು.

ವೈವಾ ಮುಗಿದ ಮೇಲೆ ಎಲ್ಲರಿಗೂ ಟೀ, ಸಮೋಸ ಕೊಡೋದು ಇಲ್ಲಿಯ ಪದ್ಧತಿ. ನಾನು ಸಮೋಸ ತರಿಸಲಿಲ್ಲ. ರಾಮಾಂಜಿನಮ್ಮ ಚಿಕ್ಕಮ್ಮ ಊರಿಂದ ಕಳಿಸಿದ ಈಸಲನ್ನ ಹಾಸ್ಟೆಲಲ್ಲಿ ಬಾಗಿಲು ತೆಗೆದಿಟ್ಟೇ ಹುರಿದೆ. ಪುರಿ, ಹುರಿಗಡಲೆ ಬೆರೆಸಿ ತಟ್ಟೆ ತುಂಬ ಇಟ್ಟೆ.

"ಇದನ್ನ ಯಾರು ತಿಂತಾರೆ?" ಅಂತ ಯಾರೋ ಕೇಳಿದರು.

"ನಾವು" ಅಂದೆ.

ಬೆಳಗ್ಗೆಯಿಂದ ಪ್ರಶ್ನೆ ಕೇಳಿ ನನ್ನ ಬೆವರಿಳಿಸಿದ್ದ ಪರೀಕ್ಷಕರು ಮೊದಲು ಚೂರು ಬಾಯಿಗೆ ಹಾಕ್ಕೊಂಡರು. ಆಮೇಲೆ ಹಿಡಿ ತುಂಬ ತಗೊಂಡರು. ಕೊನೆಗೆ, "ಡಾಕ್ಟರ್ ಶಶಿರೇಖಾ, ಇನ್ನೂ ಇದೆಯಾ?" ಅಂದರು.

ತಟ್ಟೆ ಖಾಲಿಯಾಗಿತ್ತು ಅವ್ವ. ನಿಂಗೆ ಅಂತ ಗಂಟು ಕಟ್ಟೋಕೆ ಒಂದು ಹಿಡೀನೂ ಉಳೀಲಿಲ್ಲ.