ಎಚ್ಚರದಲ್ಲೇ ಕೊಯ್ದರು

೯ ಜುಲೈ ೧೯೩೪, ಸಂಜೆ

ಹತ್ತಿ ಅಂಗಡಿಯಿಂದ ಕಮರಿಪೇಟೆಯ ಮನೆಗೆ ಬಂದೆ. ಪೇಪರ್ ಬಿಚ್ಚುವಷ್ಟರಲ್ಲಿ ಹೆಂಡತಿ ಸಾವಕ್ಕ ಅಳುತ್ತ ಬಂದಳು. ಮಗಳು ಚನ್ನಬಸವ್ವನ ಕುತ್ತಿಗೆಯ ಬಾವನ್ನು ಇಂದು ದವಾಖಾನೆಯಲ್ಲಿ ಕೊಯ್ದರಂತೆ — ಎಚ್ಚರದಲ್ಲೇ. ಆರು ವರ್ಷದ ಕೂಸು! ನಾಲ್ವರು ಕೈಕಾಲು ಒತ್ತಿ ಹಿಡಿದರಂತೆ. ಚೀರಿದ್ದು ಬೀದಿಗೆ ಕೇಳಿಸಿತಂತೆ.

ಕ್ಲೋರೋಫಾರ್ಮ್ ಕೊಟ್ಟು ಕೊಯ್ಯುತ್ತೇವೆಂದು ಡಾಕ್ಟರರು ನನಗೇ ಹೇಳಿದ್ದರು. ಕೂಸಿನ ಜೊತೆ ಹೋಗಿದ್ದ ಅವ್ವನನ್ನು ಕೇಳಿದೆ.

"ಕೊಳ್ಳಾಗ ಏನೂ ಇರಬಾರದು, ಲಿಂಗ ತಗೀರಿ, ಇಲ್ಲಂದ್ರ ಔಷಧ ಇಲ್ಲ ಅಂದ್ರು. ಹುಟ್ಟಿದಾಗ ಕಟ್ಟಿದ್ದು, ಮೈ ಬಿಟ್ಟು ಹೆಂಗ ತಗೀಲೋ? ಬ್ಯಾಡ, ಹಂಗ ಕೊಯ್ರಿ ಅಂದೆ."

"ಕೂಸಿನ ರಟ್ಟಿಗೆ ಕಟ್ಟಬೇಕಿತ್ತು, ಯವ್ವಾ! ಮೈಮ್ಯಾಲ ಇದ್ರಾತು."

"ಯಾರರ ಹೇಳಿದ್ರೇನು?"

ಯಾರೂ ಹೇಳಿಲ್ಲ. ಅದೇ ಸಿಟ್ಟು.

೧೦ ಜುಲೈ

ಡಾಕ್ಟರರನ್ನು ಕಂಡೆ. "ನಿಮ್ಮ ತಾಯಿನ ಬ್ಯಾಡ ಅಂದ್ರು." ರಟ್ಟೆಗೆ ಕಟ್ಟಿ ಎಂದು ಒಂದು ಮಾತು ಹೇಳಬಾರದಿತ್ತೆ? "ಹೊರಗ ಅಷ್ಟು ಮಂದಿ ನಿಂತಿದ್ರು, ಪುರಸೊತ್ತು ಎಲ್ಲೈತ್ರಿ? ಹುಡುಗೂರು ಮರೀತಾವು."

ದೊಡ್ಡವರಿಗೆ ಹಲ್ಲು ಕೀಳಲೂ ಕ್ಲೋರೋಫಾರ್ಮ್ ಕೊಡುತ್ತೀರಿ, ಪೇಪರಿಗೆ ಬರೆಯುತ್ತೇನೆ ಎಂದೆ. "ಬರೀರಿ. ನನ್ನ ಹೆಸರು ತಪ್ಪಿಲ್ದ ಬರೀರಿ" ಎಂದು ನಕ್ಕರು.

ಮರೆಯುತ್ತವಂತೆ! ಕೂಸು ಯಾರಿಗೂ ಕೈ ಹಿಡಿಯಗೊಡುತ್ತಿಲ್ಲ. ತಲೆ ಬಾಚಗೊಡುತ್ತಿಲ್ಲ.

೧೯ ಜುಲೈ

ಜ್ವರ. ಒಳಗೆ ಮತ್ತೆ ಕೀವು. ನಾಳೆಯೇ ಇನ್ನೂ ಆಳಕ್ಕೆ ಕೊಯ್ಯಬೇಕು, ಬಿಟ್ಟರೆ ರಕ್ತಕ್ಕೆ ಏರುತ್ತದಂತೆ. ಎಚ್ಚರವಾದೊಡನೆ ಟಾಂಗಾದಲ್ಲಿ ಮನೆಗೆ ಒಯ್ಯಬಹುದಂತೆ. ಇನ್ನೊಬ್ಬ ಡಾಕ್ಟರರು ಊರಲ್ಲಿಲ್ಲ... ಮತ್ತೆ ಅದೇ ಬಾಗಿಲು!

೨೦ ಜುಲೈ, ಬೆಳಿಗ್ಗೆ, ದವಾಖಾನೆಯ ಕಟ್ಟೆ

ಅವ್ವ ತಾನೇ ಲಿಂಗವನ್ನು ಕೂಸಿನ ರಟ್ಟೆಗೆ ಕಟ್ಟಿದಳು. ಆದರೆ ಕಂಪೌಂಡರ್ ಫಕೀರಪ್ಪ ಕ್ಲೋರೋಫಾರ್ಮ್ ತಂದದ್ದೇ ತಡ, ಚನ್ನಬಸವ್ವ ಬೆಂಚಿನಡಿ ಹೊಕ್ಕಳು. "ಹಿಡೀರಿ" ಎಂದರು ಡಾಕ್ಟರರು. ಯಾರೂ ಮುಟ್ಟಕೂಡದು ಎಂದು ಕೂಗಿದೆ.

ಅವ್ವ ಮೇಜಿನ ಮೇಲೆ ತಾನೇ ಮಲಗಿಬಿಟ್ಟಳು. "ಮೊದಲ ನನ್ನ ಮೂಗಿಗೆ ಹಿಡಿಯೋ, ಫಕೀರಪ್ಪ."

ಬೆಂಚಿನಡಿಯಿಂದ ದನಿ: "ಬ್ಯಾಡ್ರಿ, ಅಜ್ಜಿ ಗೊರಕಿ ಹೊಡೀತಾಳ."

"ನೀ ಹೊಡಿಯಂಗಿಲ್ಲೇನು? ಬಾ, ನೋಡೂಣು."

ಚನ್ನಬಸವ್ವ ತಾನಾಗಿ ಎದ್ದು ಬಂದಳು. ಯಾರೂ ಹಿಡಿಯಲಿಲ್ಲ. ಮೂಗಿಗೆ ಬಟ್ಟೆ ಇಟ್ಟು ನಮ್ಮನ್ನು ಹೊರಗೆ ಕಳಿಸಿದರು.

ಒಳಗೆ ಸದ್ದಿಲ್ಲ.

"ಯಾಕೋ ಚೀರವಲ್ಲದು ಕೂಸು?" ಎಂದಳು ಅವ್ವ. ಚೀರಬಾರದೆಂದೇ ಆ ಔಷಧ ಎಂದೆ. ಮತ್ತೆ ಕೇಳಿದಳು. ಬಾಗಿಲು ತೆರೆದು ಫಕೀರಪ್ಪ ಕೂಗಿದ: "ಕೂಸಿಗೆ ಎಚ್ಚರಾತು, ಟಾಂಗಾ ಕರೀರಿ!"