ರೇಡಿಯೊ ಬಾಯಿ ಮುಚ್ಚಿದ ಬೆಳಗು

ಮಾರ್ಚ್ ಹದಿನಾರು, ಭಾನುವಾರ

ಪ್ರೀತಿಯ ಗಂಟೆಗೆ,

ನಿನ್ನ ಚಿಲ್ಲರೆ ಮಾಡುವ ನಮಸ್ಕಾರ. ಹೇಗಿದ್ದೀಯೇ? ನಿನ್ನ ಪತ್ರ ಬಂದು ಯಾವ ಕಾಲವಾಯಿತೋ, ಉತ್ತರ ಬರೆಯದೆ ಕೂತಿದ್ದೇನೆ. ಬೈಯಬೇಕು ಅನ್ನಿಸಿದರೆ ಎರಡು ಪುಟ ಬೈದುಬಿಡು. ಗಂಟಲಿನ ಆಪರೇಷನ್ ಆಗಿ ಮಾತು ನಿಂತಮೇಲೆ ನಿನ್ನ ಪೆನ್ನಿಗೆ ನಾಲಿಗೆ ಬಂದಿದೆ. ನಿನ್ನ ಅಳಿಯ ಕಾರು ತೊಳೆಯುವುದನ್ನು ವರ್ಣಿಸಿದ್ದೀಯಲ್ಲ, ಆಫೀಸಿನಲ್ಲಿ ಓದಿ ನಕ್ಕು ನಕ್ಕು ಚಹಾ ನೆತ್ತಿಗೇರಿತು.

ಇಲ್ಲಿನ ಹೊಸ ಹುಡುಗಿಯರು ಕೇಳುತ್ತಿರುತ್ತಾರೆ, ನಿಮಗೇಕೆ ಚಿಲ್ಲರೆ ಅನ್ನುತ್ತಾರೆ ಅಂತ. ಸಣ್ಣ ಸಣ್ಣ ಜಾಹೀರಾತು ತರುವವಳು ಅಂತ ಬೆಳಗಿನ ಕಾರ್ಯಕ್ರಮದ ಗಂಟೆ ಇಟ್ಟ ಹೆಸರು ಅಂದರೆ, 'ಗಂಟೆ ಯಾರು?' ಅಂತಾರೆ. ಇಪ್ಪತ್ತು ವರ್ಷ ಈ ಊರನ್ನು ದಿನಾ ಎಬ್ಬಿಸಿದವಳನ್ನು ಯಾರು ಅಂತಾರಲ್ಲ!

ಸರಿ, ಸುದ್ದಿಗೆ ಬರುತ್ತೇನೆ. ನಮ್ಮ ರೇಡಿಯೊ ಸ್ಟೇಷನ್ ಮುಚ್ಚಿಹೋಗುವುದರಲ್ಲಿತ್ತು ಕಣೇ. ಗಾಬರಿಯಾಗಬೇಡ, ಮುಚ್ಚಲಿಲ್ಲ. ಪೂರ್ತಿ ಉಳಿಯಲೂ ಇಲ್ಲ.

ಸ್ಟೇಷನ್ನಿನ ಯಜಮಾನರು ಮಂಡಿನೋವು ಅಂತ ಮನೆ ಹಿಡಿದಿದ್ದಾರೆ. ಈಗ ಎಲ್ಲ ಅವರ ಮಗಳದೇ. ಸ್ಟುಡಿಯೊ ಮೇಜಿನ ಕೆಳಗೆ ಬಿಸ್ಕತ್ತು ಕೊಟ್ಟು ಕೂರಿಸುತ್ತಿದ್ದೆವಲ್ಲ, ಅದೇ ಹುಡುಗಿ. ಒಂದು ದಿನ ನಮ್ಮನ್ನೆಲ್ಲ ಆ ಸ್ಟುಡಿಯೊದಲ್ಲೇ ಸೇರಿಸಿದಳು. ಮೀಟಿಂಗ್ ರೂಮನ್ನು ಕನ್ನಡಕದ ಅಂಗಡಿಯವರಿಗೆ ಬಾಡಿಗೆಗೆ ಕೊಟ್ಟಾಗಿದೆ.

'ಒಂದು ದೊಡ್ಡ ಕಂಪನಿ ನಮ್ಮ ತರಂಗಾಂತರ ಕೇಳುತ್ತಿದೆ' ಅಂದಳು. 'ಹಾಡು, ಮಾತು ಎಲ್ಲ ಅವರ ಕಂಪ್ಯೂಟರಿನಿಂದಲೇ ಬರುತ್ತೆ. ಎಲ್ಲ ಊರಿಗೂ ಅದೇ. ಇಲ್ಲಿ ಪ್ರಸಾರದ ಗೋಪುರ ಒಂದಿದ್ದರೆ ಸಾಕು, ಬಾಗಿಲಿಗೆ ಒಂದು ಬೀಗ.'

'ಬೀಗಕ್ಕೆ ಸಂಬಳ ಕೊಡೋ ಹಾಗಿಲ್ಲವಲ್ಲ' ಅಂದ ತಂತಿ ಮಾಮ. ನಮ್ಮ ಎಂಜಿನಿಯರ್ ಗೊತ್ತಲ್ಲ ನಿನಗೆ, ಮುಳುಗುವ ದೋಣಿಯಲ್ಲೂ ತಮಾಷೆ.

ಅವಳನ್ನು ಬೈದು ಪ್ರಯೋಜನವಿರಲಿಲ್ಲ. ಜಾಹೀರಾತು ಒಂದೊಂದಾಗಿ ಉದುರುತ್ತಿದ್ದುದನ್ನು ಕಣ್ಣಾರೆ ಕಂಡವಳು ನಾನೇ. ಹಿಂದಿನ ವಾರವಷ್ಟೇ ಹಾಸಿಗೆ ಅಂಗಡಿಯವನು ಕೈಬಿಟ್ಟಿದ್ದ. ನೀನು 'ಮಲಗಿದರೆ ಏಳಲು ಮನಸ್ಸಾಗದ ಹಾಸಿಗೆ' ಅಂತ ಓದುತ್ತಿದ್ದೆಯಲ್ಲ, ಅವನೇ.

'ತಪ್ಪು ತಿಳೀಬೇಡಿ ಅಕ್ಕ' ಅಂದ. 'ಫೋನಿನಲ್ಲಿ ಹಾಕಿದರೆ ಎಷ್ಟು ಜನ ನೋಡಿದರು, ಎಷ್ಟು ಜನ ಒತ್ತಿದರು, ಯಾರು ದಿಂಬಿನ ಚಿತ್ರದವರೆಗೂ ಬಂದು ವಾಪಸ್ ಹೋದರು, ಎಲ್ಲ ಗೊತ್ತಾಗುತ್ತೆ. ನಿಮ್ಮದು ಗಾಳಿಗೆ ಹೇಳಿದ ಹಾಗೆ. ಯಾರು ಕೇಳಿದರು, ತೋರಿಸಿ ನೋಡೋಣ?'

'ನೀವೇ ಕೇಳಲ್ವಾ?'

'ನಾನಾ? ಎಲ್ಲಿ ಪುರುಸೊತ್ತು ಅಕ್ಕ?'

ಬಸ್ಸಿಲ್ಲದೆ ನಡೆದುಕೊಂಡೇ ಬಂದೆ. ದಾರಿಯುದ್ದಕ್ಕೂ ಅವನ ಮಾತೇ ತಲೆಯಲ್ಲಿ. ಇಷ್ಟು ವರ್ಷ ನಾವು ಅಂಗಡಿಯವರಿಗೆ ಮಾರಿದ್ದು ಜನರ ಕಿವಿಯನ್ನು. ಫೋನಿನವರು ಕಣ್ಣುಗಳನ್ನು ಎಣಿಸಿ, ಪೊಟ್ಟಣ ಕಟ್ಟಿ ಕೈಗಿಡುತ್ತಾರೆ. ನಾವು 'ಕಿವಿ ಇವೆ, ನಂಬಿ' ಅಂತ ಹಲ್ಲು ಕಿರಿಯುತ್ತೇವೆ. ಯಾರು ನಂಬಬೇಕು?

ಅದೆಲ್ಲ ಹೊಟ್ಟೆಯಲ್ಲಿತ್ತು ನೋಡು, ಮೀಟಿಂಗಿನಲ್ಲಿ ರೇಗಿ ಅಂದುಬಿಟ್ಟೆ, 'ಒಂದು ದಿನ ಬಾಯಿ ಮುಚ್ಚಿ ಕೂರೋಣ, ಆಗ ಗೊತ್ತಾಗುತ್ತೆ ಇವರಿಗೆ!'

ಯಜಮಾನರ ಮಗಳು ತಲೆ ಎತ್ತಿದಳು. 'ಆಂಟಿ, ಇನ್ನೊಂದು ಸಲ ಹೇಳಿ?'

ತಂತಿ ಮಾಮ ಎದೆ ಹಿಡಿದುಕೊಂಡ. ಪ್ರಸಾರದ ಮಧ್ಯೆ ಸದ್ದು ನಿಲ್ಲುವುದು ಅಂದರೆ ಅವನಿಗೆ ಉಸಿರು ನಿಂತ ಹಾಗೆ. 'ನನ್ನ ಕೈಯಿಂದ ಆಗೋಲ್ಲ, ನನಗೆ ನಿವೃತ್ತಿ ಕೊಟ್ಟು ಆಮೇಲೆ ಮಾಡಿ' ಅಂದ. ಅವಳು ನಕ್ಕು, 'ನಾನೇ ಮಾಡ್ತೀನಿ ಮಾಮ, ನೀವು ಆಚೆ ನೋಡಿ' ಅಂದಳು.

ಮರುದಿನ ಬೆಳಗ್ಗೆ ಅಂಗಡಿಗಳು ಬಾಗಿಲು ತೆರೆಯುವ ಹೊತ್ತಿಗೆ, ಸುದ್ದಿ ಮುಗಿಯುತ್ತಿದ್ದ ಹಾಗೆ ಗುಂಡಿ ತಿರುಗಿಸಿ ಸದ್ದು ಇಳಿಸಿಬಿಟ್ಟಳು. ಹಾಡಿಲ್ಲ, ಮಾತಿಲ್ಲ. ನಾವು ಫೋನನ್ನೇ ನೋಡುತ್ತ ಕೂತೆವು. ಅದು ನಮ್ಮನ್ನೇ ನೋಡುತ್ತ ಕೂತಿತು. ಕೇಳುವವರೇ ಇಲ್ಲ ಅಂತ ನಾವೇ ಸಾಬೀತು ಮಾಡಿಬಿಟ್ಟೆವಾ?

ಆಮೇಲೆ ಅದು ರಿಂಗಾಯಿತು. ಯಾರೋ ಅಜ್ಜಿ. 'ನಿಮ್ಮ ರೇಡಿಯೊ ಕೆಟ್ಟಿದೆಯೋ, ನನ್ನ ಕಿವಿ ಕೆಟ್ಟಿದೆಯೋ? ಅದೊಂದು ಹೇಳಿಬಿಡಿ ತಾಯಿ, ಡಾಕ್ಟರ ಫೀಸು ಉಳಿಯುತ್ತೆ.'

ಇಟ್ಟ ತಕ್ಷಣ ಇನ್ನೊಂದು. ಬೇಕರಿಯವನು. ಹಾಡಿಲ್ಲದೆ ಹಿಟ್ಟು ನಾದಲು ಕೈಯೇ ಓಡುತ್ತಿಲ್ಲವಂತೆ. ರಕ್ತ ಪರೀಕ್ಷೆಯ ಲ್ಯಾಬಿನ ನರ್ಸಮ್ಮ ಚೆನ್ನಾಗಿ ಉಗಿದಳು: ಹಾಡು ಕೇಳುತ್ತ ಸೂಜಿ ಮರೆಯುತ್ತಿದ್ದ ಮಕ್ಕಳು ಈಗ ಕಿರುಚುತ್ತಿದ್ದಾವಂತೆ. ಕೆಳಗಡೆ ಗದ್ದಲ ಕೇಳಿ ಕಿಟಕಿಯಿಂದ ಬಗ್ಗಿ ನೋಡಿದರೆ, ಕ್ಷೌರದವನು ರೇಜರ್ ಹಿಡಿದುಕೊಂಡು ನಿಂತಿದ್ದಾನೆ. ಪಕ್ಕದಲ್ಲಿ ಅವನ ಗಿರಾಕಿ, ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆ ತುಂಬ ನೊರೆ! ಹಿಂದೆಯೇ ಬಸ್ಸು ಬಂದು ಗೇಟಿಗೆ ಅಡ್ಡ ನಿಂತಿತು. ಡ್ರೈವರ್ ಕೂಗಿ ಕೇಳಿದ, 'ಎಲ್ಲ ಬದುಕಿದ್ದೀರೇನ್ರೀ ಮೇಲೆ?'

ತಂತಿ ಮಾಮ ಆಚೆ ನೋಡುವುದು ಮರೆತು ಕಣ್ಣು ಒರೆಸಿಕೊಳ್ಳುತ್ತಿದ್ದ.

ಅಷ್ಟರಲ್ಲಿ ನನ್ನ ಸ್ವಂತ ಫೋನು ರಿಂಗಾಯಿತು. ಹಾಸಿಗೆ ಅಂಗಡಿಯವನು!

'ಏನಾಯ್ತಕ್ಕ? ಸದ್ದೇ ಇಲ್ಲ. ಯಾರಿಗಾದರೂ ಏನಾದರೂ ಆಯ್ತಾ?'

'ಪುರುಸೊತ್ತಿಲ್ಲ ಅಂದಿದ್ದಿರಿ?'

ಮೆತ್ತಗೆ, 'ನಾನು ಕೇಳೋದಿಲ್ಲ ಅಕ್ಕ, ಸುಮ್ಮನೆ ಹಾಕಿರ್ತೀನಿ' ಅಂದ.

ಮಗಳು ತಾನೇ ಮೈಕಿನ ಮುಂದೆ ಕೂತಳು. ಬರೆದುಕೊಂಡಿರಲಿಲ್ಲ. 'ಕ್ಷಮಿಸಿ, ಏನೂ ಕೆಟ್ಟಿಲ್ಲ. ನೀವು ಇದ್ದೀರೋ ಇಲ್ಲವೋ ಅಂತ ತಿಳಿಯೋದಕ್ಕೆ ಸುಮ್ಮನಾದೆವು' ಅಂತ ಹೇಳಿ, ಜಾಹೀರಾತು ಹೋದದ್ದು, ಕಂಪನಿ ಕೇಳುತ್ತಿರುವುದು, ಎಲ್ಲ ಇದ್ದದ್ದು ಇದ್ದ ಹಾಗೆ ಬಿಚ್ಚಿಟ್ಟಳು.

ಆ ವಾರವೇ ಬೀದಿಯ ಅಂಗಡಿಯವರೆಲ್ಲ ಸೇರಿದರು. ಎಲ್ಲಿ ಅಂತೀಯ? ಹಾಸಿಗೆ ಅಂಗಡಿಯಲ್ಲಿ, ಮಾರಾಟದ ಹಾಸಿಗೆಗಳ ಮೇಲೇ! ಕನ್ನಡಕದವನು ಮಾತಿನ ನಡುವೆ ನಿದ್ದೆ ಹೋದ. ಒಬ್ಬೊಬ್ಬರ ಜಾಹೀರಾತು ಬೇಡ, ಎಲ್ಲರೂ ಸೇರಿ ತಿಂಗಳಿಗಿಷ್ಟು ಅಂತ ಸ್ಟೇಷನ್ನಿಗೆ ಕೊಡುವುದು ಅಂತ ಆಯಿತು. ಕೇಳುಗರೂ ಕೈಲಾದಷ್ಟು ಹಾಕಲಿ ಅಂತ ಬೇಕರಿಯವನು ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಡಬ್ಬ ಇಟ್ಟಿದ್ದಾನೆ.

ದಿನಪೂರ್ತಿ ನಡೆಸಲು ಅದು ಸಾಲದು ಅನ್ನು. ಹಾಗಾಗಿ ಕಂಪನಿಯ ಜೊತೆ ರಾಜಿ: ಬೆಳಗ್ಗೆ ನಮ್ಮದು, ಮಧ್ಯಾಹ್ನದಿಂದ ಅವರದು. ಸಂಜೆಯ ಸುದ್ದಿ ಓದುತ್ತಿದ್ದ ಮೇಷ್ಟ್ರು ಕೆಲಸ ಬಿಡಬೇಕಾಯಿತು. 'ಇನ್ನು ಸಂಜೆ ಹೊತ್ತು ಹೆಂಡತಿ ಜೊತೆ ಮಾತಾಡಬಹುದು, ಅವಳು ಒಪ್ಪಿದರೆ' ಅಂತ ನಗುತ್ತಲೇ ಹೋದರು. ಅವರ ಕುರ್ಚಿ ನೋಡಿದರೆ ಮಾತ್ರ ಸಂಕಟವಾಗುತ್ತೆ.

ಈಗ ಅಂಗಡಿಯವರು ವಾರಕ್ಕೊಮ್ಮೆ ತಾವೇ ಬಂದು ಮೈಕಿನಲ್ಲಿ ಮಾತಾಡುತ್ತಾರೆ. ಹಾಸಿಗೆಯವನು ಮೊದಲ ದಿನ ಹೆದರಿ, ತನ್ನ ಸರಕಿನ ಬಗ್ಗೆ ಹೇಳುತ್ತ ಹೇಳುತ್ತ ಇಷ್ಟುದ್ದ ಆಕಳಿಸಿಬಿಟ್ಟ. ನೇರ ಪ್ರಸಾರ! ಅವತ್ತು ಅವನ ವ್ಯಾಪಾರ ಹಿಂದೆಂದೂ ಆಗದಷ್ಟು ಆಯಿತಂತೆ.

ಮೊಮ್ಮಗಳಿಗೆ ನನ್ನ ಮುತ್ತು. ಅಳಿಯನಿಗೆ ಕಾರು ಚೆನ್ನಾಗಿ ಹೊಳೆಯಲಿ ಅಂತ ಹಾರೈಕೆ. ನೀನು ಬಿಸಿನೀರು ಕುಡಿಯುವುದು ಬಿಡಬೇಡ, ತಣ್ಣನೆ ಗಾಳಿಗೆ ಕೂರಬೇಡ. ದೇವರು ನಿನ್ನನ್ನು ನಗುನಗುತ್ತ ಇಟ್ಟಿರಲಿ ಕಣೇ, ನಿನ್ನ ಪಾಲಿನ ನೋವೆಲ್ಲ ಹೋದ ವರ್ಷಕ್ಕೇ ಮುಗಿದಿರಲಿ.

ಎಂದೆಂದಿಗೂ ನಿನ್ನ,
ಚಿಲ್ಲರೆ

ತಾ.ಕ.: ಮರೆತಿದ್ದೆ ಅಂತ ಬರೆಯೋಣ ಅಂದುಕೊಂಡೆ. ಮರೆತಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಕಂಪನಿಯ ಮಧ್ಯಾಹ್ನದ ಕಾರ್ಯಕ್ರಮದಲ್ಲಿ ಮಾತಾಡುವುದು ಮನುಷ್ಯರಲ್ಲ, ಕಂಪ್ಯೂಟರ್. ಈ ಊರಿನವರಿಗೆ ಪರಿಚಯದ ಧ್ವನಿ ಇರಲಿ ಅಂತ ಅವರು ನಿನ್ನ ಹಳೆಯ ಕಾರ್ಯಕ್ರಮಗಳಿಂದ ನಿನ್ನ ಧ್ವನಿಯನ್ನೇ ತಯಾರು ಮಾಡಿ ಕಳಿಸಿದ್ದಾರೆ. ನೀನು ಒಪ್ಪದೆ ಒಂದಕ್ಷರ ಹೊರಗೆ ಹೋಗಬಾರದು ಅಂತ ಯಜಮಾನರ ಮಗಳು ಅವರ ಮೇಲೆ ಹರಿಹಾಯ್ದಿದ್ದಾಳೆ. ನಿನ್ನ ಒಪ್ಪಿಗೆ ಕೇಳುವ ಕೆಲಸ ನನ್ನ ತಲೆಗೆ ಬಂತು. ಒಪ್ಪಿದರೆ ನಿನಗೂ ದುಡ್ಡು ಬರುತ್ತೆ. ಬೇಡ ಅಂದರೆ ಬೇರೆ ಯಾರದೋ ಧ್ವನಿ ಹಾಕುತ್ತಾರೆ, ಸ್ಟೇಷನ್ನೇನೂ ಬೀಳುವುದಿಲ್ಲ. ನಮಗಾಗಿ ಹೂಂ ಅನ್ನಬೇಡ.

ನಮ್ಮವರು ಸ್ಟುಡಿಯೊದಲ್ಲಿ ಆ ಧ್ವನಿ ಹಾಕಿದಾಗ ನಾನು ಅತ್ತ ತಿರುಗಿ ಬೀರುವಿನಲ್ಲಿ ಏನೋ ಹುಡುಕುತ್ತಿದ್ದೆ. 'ನಮಸ್ಕಾರ, ಎಲ್ಲರದೂ ಊಟ ಆಯಿತೇ?' ಅಂತ ಕೇಳಿಸಿತು. ನೀನೇ. ಕೊನೆಯಲ್ಲಿ ಆ ಚೂರು ನಗುವೂ ಇತ್ತು. 'ಆಯ್ತು ಕಣೇ, ನಿಂದು?' ಅಂದುಬಿಟ್ಟೆ. ರೂಮಿನಲ್ಲಿ ಯಾರೂ ನಗಲಿಲ್ಲ.

ನೀನು ಬೇಡ ಅನ್ನಬೇಕು ಅಂತಲೇ ನನ್ನ ಆಸೆ. ಆದರೆ ಎಲ್ಲರೂ ಚಹಾಕ್ಕೆ ಹೋದಮೇಲೆ ಬಾಗಿಲು ಹಾಕಿಕೊಂಡು, ಅದನ್ನು ಇನ್ನೊಂದು ಸಲ ಕೇಳಿದೆ ಕಣೇ.